ಯಾವ ಖಾರಾ?

ಬೀದರಿನ ಚಿದ್ರಿಯ ಆ ಮನೆಯ ಪಡಸಾಲೆಗೆ ಸಮುದ್ರ ಬಂದು ಕೂತಿತ್ತು. ಬಂದದ್ದು ಸಾಲದೆಂದು ಜೊತೆಗೆ ಎರಡು ಬಾಲ್ದಿಗಳನ್ನೂ ಕರೆತಂದಿತ್ತು. ಗಾಜಿನ ತೊಟ್ಟಿಯಲ್ಲಿ ಎರಡು ಕಿತ್ತಳೆ ಬಣ್ಣದ ಮೀನು, ಕಲ್ಲಿಗೆ ಅಂಟಿಕೊಂಡು ಓಲಾಡುವ ಮೆತ್ತನೆ ಹವಳ. ಅವುಗಳ ಬಗ್ಗೆ ಮಾರ್ಗರೆಟಳಿಗೆ ತಕರಾರಿರಲಿಲ್ಲ. ಯಾರೂ ಇಲ್ಲದಾಗ ಮೀನುಗಳಿಗೆ ಶಾಲೆಯ ಸುದ್ದಿಯನ್ನೂ ಹೇಳುತ್ತಿದ್ದಳು. ಅವಳ ಸಿಟ್ಟೆಲ್ಲ ಬಾಲ್ದಿಗಳ ಮೇಲೆ.

ಒಂದು ಕೆಂಪು, ಒಂದು ನೀಲಿ. ಒಂದೊಂದರಲ್ಲಿ ಒಂದೊಂದು ಕಂಪನಿಯ ಸಮುದ್ರದ ಉಪ್ಪು ಕಲಸಿದ ನೀರು, ಒಳಗೆ ಗುರ್ ಎನ್ನುವ ಸಣ್ಣ ಪಂಪು. ಅವಳ ಗಂಡ ದಾನಿಯೇಲ ಔರಾದ್‌ನ ಆಸ್ಪತ್ರೆಯಲ್ಲಿ ನರ್ಸು. ರೋಗಿಗೆ ಸಲಾಯಿನ್ ಏರಿಸುವಷ್ಟೇ ಶಿಸ್ತಿನಿಂದ ಮೀನಿಗೂ ಉಪ್ಪು ಕೊಡಬೇಕೆನ್ನುವವನು. ಅವನ ಮತ ನೀಲಿ ಬಾಲ್ದಿಗೆ: ಸಾದಾ ಉಪ್ಪು, ಮೆತ್ತನೆ ಹವಳಕ್ಕೆ ಅಷ್ಟು ಸಾಕು. ತೊಟ್ಟಿ ಮಾಡಿಕೊಟ್ಟ ಪಕ್ಕದ ಮನೆಯ ಬಾಬುಮಿಯಾ, ಗಾಜಿನ ಅಂಗಡಿಯವನು, ಕೆಂಪಿನ ಪಕ್ಷ: ಅದರಲ್ಲಿ ಕ್ಯಾಲ್ಸಿಯಂ ಹೆಚ್ಚು, ನಾಳೆ ಗಟ್ಟಿ ಹವಳ ತಂದರೂ ನಡೆಯುತ್ತದೆ. ಸಂಜೆಯಾದರೆ ಚಹಾ ಹೀರುತ್ತ ಇಬ್ಬರೂ ವಾದಕ್ಕಿಳಿಯುವರು, ಏನೂ ತೀರ್ಮಾನಿಸದೆ ಏಳುವರು. ಈ ನಡುವೆ ಮೂರನೆಯ ಕಂಪನಿಯ ಸ್ಯಾಂಪಲ್ ಬೇರೆ ಬಂದಿತ್ತು. ತೇವ ತಗುಲಿದರೆ ಗಡ್ಡೆ ಕಟ್ಟುತ್ತದೆಂದು ದಾನಿಯೇಲ ಅದನ್ನು ಎಲ್ಲೋ ಬೆಚ್ಚಗೆ ಇಟ್ಟಿದ್ದ. ಎಲ್ಲಿ ಎಂದು ಮಾರ್ಗರೆಟ ಕೇಳಲಿಲ್ಲ. ಇನ್ನೊಂದು ಬಾಲ್ದಿ ಬರದಿದ್ದರೆ ಸಾಕಾಗಿತ್ತು.

ಭಾನುವಾರ ಸಂಜೆ ಚರ್ಚಿನ ಹೆಣ್ಣುಮಕ್ಕಳ ಪ್ರಾರ್ಥನಾ ಕೂಟ, ಮೊದಲ ಸಲ ಅವಳ ಮನೆಯಲ್ಲಿ. ಹಿಂದಿನ ಸಲ ಸಪನಾಳ ಮನೆಯಲ್ಲಿ ಜಮಖಾನೆಯ ಮೂಲೆ ಸ್ವಲ್ಪ ಹರಿದಿತ್ತೆಂಬುದನ್ನೇ ಹೆಂಗಸರು ಇನ್ನೂ ಆಡಿಕೊಳ್ಳುತ್ತಿದ್ದರು. ಅಂಥವರು ಪಡಸಾಲೆಯಲ್ಲಿ ಗುರುಗುಟ್ಟುವ ಬಾಲ್ದಿ ಕಂಡರೆ ಬಿಟ್ಟಾರೆಯೇ? ಒಂದು ಉಪ್ಪು ಆರಿಸಿ, ನೀರು ತೊಟ್ಟಿಗೆ ಸುರಿದು, ಬಾಲ್ದಿ ಎತ್ತಿ ಎಂದು ಹೇಳಿ ಹೇಳಿ ಅವಳ ಬಾಯಿ ಒಣಗಿತ್ತು.

ಶನಿವಾರ ಭಾಲ್ಕಿಯ ಶಾಲೆಯಲ್ಲಿ ಬೆಳಗಿನ ಪಾಠ ಮುಗಿಸಿ ಮನೆಗೆ ಬಂದು, ಕೂಟಕ್ಕೆಂದು ಚೂಡಾ ಮಾಡಲು ಅವಲಕ್ಕಿ ಹುರಿಯುತ್ತಿದ್ದಳು. ಬಾಬುಮಿಯಾ ಅಂಗಡಿಯಿಂದ ಫೋನ್ ಮಾಡಿದ.

“ಟೀಚರಬಾಯಿ, ಮುಂಜಾನಿ ಮೀಟರ್ ಹಚ್ಚಿ ನೋಡೀನ್ರಿ. ಮೀನಿನ ಟಾಕಿ ನೀರಾಗ ಖಾರಾ ಕಮ್ಮಿ ಆಗ್ಯಾದ. ಜರಾ ಖಾರಾ ಹಾಕ್ರಿ. ಕೆಂಪ ಬಾಲ್ದಿದು.”

ಅದನ್ನು ಇಡುವುದರೊಳಗೆ ದಾನಿಯೇಲನ ಫೋನು; ಬಾಬುಮಿಯಾ ಅವನಿಗೆ ಮೊದಲೇ ಸುದ್ದಿ ಮುಟ್ಟಿಸಿದ್ದ. “ಬಾಬುಭಾಯಿ ಮಾತ ಕೇಳಬ್ಯಾಡ. ನೀಲಿದು ಹಾಕು. ಕೆಂಪದು ಮುಟ್ಟಿದಿ ಅಂದ್ರ ನೋಡ ಮತ್ತ!”

ಬಾಬುಮಿಯಾನ ಮನೆಮಾತು ಉರ್ದುವಿನಲ್ಲಿ ಖಾರಾ ಎಂದರೆ ಉಪ್ಪುಪ್ಪು. ಕನ್ನಡದ ಖಾರ ಎಂದರೆ ಮೆಣಸಿನಪುಡಿ. ಮಾತು ಯಾರ ಬಾಯಿಂದ ಬಂತೆಂದು ನೋಡಿ ಡಬ್ಬಿ ತೆಗೆಯುವುದು ಬೀದರಿನ ಮಕ್ಕಳಿಗೂ ಗೊತ್ತು. ಮಾರ್ಗರೆಟಳಿಗೆ ಗೊತ್ತಿಲ್ಲದೆ ಏನು? ಆದರೆ ಇಬ್ಬರು ಗಂಡಸರು ಹೀಗೆ ತಲೆ ತಿಂದ ಮೇಲೆ ಗೊತ್ತಿಲ್ಲದವಳಂತೆ ಇರುವ ಹಕ್ಕು ಅವಳಿಗೂ ಇತ್ತಲ್ಲ.

ಅವಲಕ್ಕಿಗೆ ಎರಡು ಚಮಚ ಗುಂಟೂರು ಖಾರ ಉದುರಿಸಿದಳು. ಉಪ್ಪಿನ ಡಬ್ಬಿಯ ತಳ ಕಂಡಿತ್ತು. ಒಲೆಯ ಹಿಂದಿನ ಹಲಗೆಯ ಮೇಲೆ ಇನ್ನೊಂದು ಸ್ಟೀಲ್ ಡಬ್ಬಿಯಲ್ಲಿ ಬೆಳ್ಳಗೆ ಉಪ್ಪು ಸಿಕ್ಕಿತು, ಧಾರಾಳವಾಗಿ ಹಾಕಿದಳು. ಆಮೇಲೆ ಇಬ್ಬರಿಗೂ ಫೋನ್ ಮಾಡಿ ಒಂದೇ ಮಾತು ಹೇಳಿದಳು: “ಖಾರ ಹಾಕೀನಿ. ಎರಡ ಚಮಚ. ಗುಂಟೂರಂದು.” ಅವರು ಬಾಯಿ ತೆರೆಯುವ ಮೊದಲೇ ಕಟ್ ಮಾಡಿ ಫೋನನ್ನು ಮಗುಚಿಟ್ಟಳು.

ಬಾಬುಮಿಯಾ ಅಂಗಡಿಯ ಶಟರ್ ಅರ್ಧ ಎಳೆದು ಓಡಿ ಬಂದ.

“ಯಾ ಅಲ್ಲಾ! ಮಿರ್ಚಿ ಹಾಕಿದ್ರೇನ್ರಿ?”

“ನೀವೇ ಅಂದ್ರಲ್ರಿ ಬಾಬುಭಾಯಿ, ಖಾರ ಹಾಕ್ರಿ ಅಂತ.”

ಅವನು ಗಾಜಿಗೆ ಮೂಗು ಒತ್ತಿ ನೋಡಿದ. ಹವಳಕ್ಕೆಂದು ಹಾಕಿದ ನೀಲಿ ದೀಪದಡಿ ಕೆಂಪು ಬಣ್ಣ ಗುರುತು ಸಿಗುವುದಿಲ್ಲ. ಮೀನು ಬಾಯಿ ತೆರೆದು ಮುಚ್ಚುತ್ತಿತ್ತು. ಹುಟ್ಟಿದಾಗಿನಿಂದ ಅದು ಮಾಡುತ್ತಿದ್ದುದು ಅದನ್ನೇ. ಆದರೆ ಬಾಬುಮಿಯಾನಿಗೆ ಖಾರ ಹತ್ತಿ ಹಾಯ್ ಹಾಯ್ ಎಂದಂತೆ ಕಂಡಿತು.

ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಆಗಲೇ ಬೀದರ ಮುಟ್ಟಿದ್ದ ದಾನಿಯೇಲ ಅವನ ಬೆನ್ನಿಗೇ ಓಡಿ ಬಂದ. “ಏನ ಮಾಡಿದಿ ಮಾರ್ಗರೆಟ,” ಎಂದಷ್ಟೇ ಅಂದು ತೊಟ್ಟಿಯ ಮುಂದೆ ಕುಕ್ಕರಿಸಿ ಗಾಜಿಗೆ ಅಂಗೈ ಹಚ್ಚಿದ. ಮಾರ್ಗರೆಟ ಒಂದು ಹೆಜ್ಜೆ ಮುಂದೆ ಬಂದಳು. ಸುಳ್ಳು ರೀ, ಎದ್ದೇಳ್ರಿ ಎನ್ನಲು ಬಾಯಿ ತೆರೆದಳು. ಆಗಲೇ ಎರಡೂ ಬಾಲ್ದಿಗಳು ಗುರ್ ಎಂದವು. ಅವಳು ಮಾತು ಬದಲಿಸಿದಳು.

“ನೀರ ಬದಲ ಮಾಡ್ರಲ್ಲ. ಯಾವ ಬಾಲ್ದಿದು ಹಾಕ್ತೀರಿ?”

“ಯಾವುದಾದ್ರ ಏನು!” ಇಬ್ಬರೂ ಒಟ್ಟಿಗೆ ಕೂಗಿದರು.

ಪೈಪು ಇಳಿಬಿಟ್ಟು ಹಳೆ ನೀರು ತೆಗೆದರು. ದಾನಿಯೇಲ ತಾನೇ ಕೆಂಪು ಬಾಲ್ದಿ ಎತ್ತಿಕೊಟ್ಟ, ಬಾಬುಮಿಯಾ ನೀಲಿಯದನ್ನು ಸುರಿದ. ಅಷ್ಟು ದಿನದ ಜಗಳ ಒಂದೇ ನೀರಾಯಿತು. ಮಾರ್ಗರೆಟ ಖಾಲಿ ಬಾಲ್ದಿಗಳನ್ನು ಹಿತ್ತಲಿಗೆ ಒಯ್ದು, ತೊಳೆದು, ಬೋರಲು ಹಾಕಿ, ತಟ್ಟೆ ತುಂಬ ಚೂಡಾ ಹಿಡಿದು ಬಂದಳು. ಇಂಥ ಸಂತೋಷ ಅವಳಿಗೆ ಎಷ್ಟೋ ದಿನದಿಂದ ಆಗಿರಲಿಲ್ಲ.

“ಖಾರ ಎದರಾಗ ಹಾಕಿದಿ ಅಂತ ಯಾರೂ ಕೇಳಲಿಲ್ಲಲ್ರಿ. ಇದರಾಗ ಹಾಕೀನಿ. ತಿನ್ರಿ.”

ಗಂಡಸರು ಮುಖ ಮುಖ ನೋಡಿಕೊಂಡರು. ಮೀನುಗಳನ್ನು ನೋಡಿದರು. ದಾನಿಯೇಲ ಬೈಯಬೇಕೆಂದಿದ್ದವನು ನಕ್ಕುಬಿಟ್ಟ. ಬಾಬುಮಿಯಾ ಒಂದು ಹಿಡಿ ಚೂಡಾ ಬಾಯಿಗೆ ಎಸೆದುಕೊಂಡ. ಅವನ ಮುಖ ಸೊಟ್ಟಗಾಯಿತು.

“ಖಾರಾ ಭಾಳ ಆಗ್ಯಾದ್ರಿ, ಟೀಚರಬಾಯಿ.”

“ಗುಂಟೂರು ಮೆಣಸಿನಕಾಯಿ ಹಂಗೇ ಇರ್ತದ್ರಿ.”

“ಆ ಖಾರಾ ಅಲ್ರಿ. ನಮ್ಮ ಖಾರಾ!”

ದಾನಿಯೇಲನೂ ನಾಲಿಗೆಗೆ ಹಚ್ಚಿದ. ಉಪ್ಪಿನ ಹಿಂದೆ ಒಂದು ಕಹಿ. “ಮಾರ್ಗರೆಟ, ಉಪ್ಪು ಯಾವ ಡಬ್ಬಿದು ಹಾಕಿದಿ?”

“ಒಲಿ ಹಿಂದಿಂದು.”

“ಉಗಳ್ರಿ ಬಾಬುಭಾಯಿ, ಉಗಳ್ರಿ! ಅದು ಮೂರನೇ ಕಂಪನಿ ಸ್ಯಾಂಪಲ್.”

ಮಾರ್ಗರೆಟ ನಿಂತಲ್ಲೇ ಕೂತಳು. ಪಡಸಾಲೆ ಸ್ವಚ್ಛವಾಗಿತ್ತು, ಚೂಡಾ ತಿಪ್ಪೆಗೆ ಹೋಗಬೇಕಿತ್ತು. ನಾಳೆ ಆ ಹೆಂಗಸರ ಮುಂದೆ ಏನಿಡುವುದು? ಅಳು ಬಂದೇ ಬಿಟ್ಟಿತು. ಅದನ್ನು ನೋಡಿ ಗಂಡಸರು ಕರಗಿದರು. ನೀ ಏಳಬ್ಯಾಡ, ನಾವೇ ಮಾಡ್ತೇವಿ ಎಂದು ಅಂಗಡಿಗೆ ಹೋಗಿ ಅವಲಕ್ಕಿ, ಶೇಂಗಾ, ಉಪ್ಪು ತಂದು ಒಳಗೆ ಸೇರಿಕೊಂಡರು.

ಅವಳು ಕಣ್ಣೊರೆಸಿಕೊಂಡು ಮೀನುಗಳ ಎದುರು ಕೂತಳು. ಗುರುಗುಟ್ಟುವ ಸದ್ದಿಲ್ಲದ ಮನೆ ಎಷ್ಟು ಚೆಂದ ಎಂದುಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ದನಿ ಏರಿತು.

“ಪುಡಿ ಉಪ್ಪೇ ಸರಿ, ಬಾಬುಭಾಯಿ.”

“ಅಲ್ರಿ, ಹರಳುಪ್ಪ ಕುಟ್ಟಿ ಹಾಕಬೇಕ್ರಿ. ಅದರ ಮಜಾನೇ ಬ್ಯಾರೆ.”

ಸ್ವಲ್ಪ ಹೊತ್ತು ಪಿಸುಪಿಸು. ಆಮೇಲೆ ದಾನಿಯೇಲ ಬಾಗಿಲಲ್ಲಿ ತಲೆ ಹಾಕಿದ.

“ಮಾರ್ಗರೆಟ, ಎರಡೂ ಥರ ಕಲಸಿ ನೋಡ್ತೇವಿ. ಆ ಬಾಲ್ದಿ ಎಲ್ಲಿಟ್ಟಿ?”