ಪುಟ್ಟಿ ಮೆತ್ತಿದ ತೊಲೆ

ಪೇಂಟರ್ ಕೈಲಿದ್ದ ಕೆರೆಯೋ ಪಟ್ಟಿ ತೊಲೆಯೊಳಗೆ ಹೋಗ್ಬಿಡ್ತು. ಹೋಯ್ತು ಅಂದ್ರೆ ಹೇಗೆ, ಬೆಣ್ಣೆ ಮುದ್ದೆಗೆ ಚಾಕು ಹೋದ ಹಾಗೆ. ಅವನು ಒತ್ತಿದ್ದೂ ಇಲ್ಲ. ಹಳೇ ಬಣ್ಣದ ಒಂದು ಚಕ್ಕೆ ಎಬ್ಬಿಸೋಣ ಅಂತ ಅಂಚಿಗೆ ತಾಗಿಸಿದ್ದ, ಅಷ್ಟೇ. ಹಿಡಿವರೆಗೂ ಒಳಗೆ ಹೋಗಿ ನಿಂತಿತು. ಎಳೆದಾಗ ಜೊತೆಗೆ ಒದ್ದೆ ಕಾಫಿಪುಡಿ ಥರದ ಹುಡಿ ಒಂದು ಹಿಡಿ ಬಂತು. ಮೂಗಿಗೆ ಅಣಬೆ ವಾಸನೆ.

ಚರ್ಚಿನ ಒಳಗೆ, ಸಾರ್ವೆ ಮೇಲೆ, ನೆಲದಿಂದ ಮೂರಾಳು ಎತ್ತರದಲ್ಲಿ ಅವನು ಮಂಡಿ ಊರಿ ಕೂತಿದ್ದ. ತೊಲೆ ಗೋಡೆಯೊಳಗೆ ಹೋಗೋ ಜಾಗ ಅದು. ಹೊರಗಡೆ ಹೆಂಚಿನ ಕೆಳಗಿನ ನೀರಿನ ದೋಣಿ ಎಷ್ಟೋ ವರ್ಷದಿಂದ ಎಲೆ ಕಸ ತುಂಬಿ ಕಟ್ಕೊಂಡಿತ್ತು. ಹೋಗೋಕೆ ದಾರಿ ಇಲ್ಲದ ಮಳೆನೀರನ್ನ ಗೋಡೆ ಕುಡಿದಿತ್ತು, ಗೋಡೆಯಿಂದ ತೊಲೆ ಕುಡಿದಿತ್ತು.

"ಏನೋ ಅದು! ನನ್ನ ತಲೆ ಮೇಲೆ ಕಸ ಸುರೀತೀಯಲ್ಲ, ಈಗ ತಾನೇ ಒರೆಸಿದ್ದೀನಿ!"

ಕೆಳಗಿಂದ ಅವನ ಅಮ್ಮ. ಮೂರನೇ ಸಾಲಿನ ಬೆಂಚು, ಗೋಡೆ ಪಕ್ಕದ ತುದಿ. ಅವಳು ಮದುವೆಯಾದಾಗಿನಿಂದ ಕೂರೋ ಜಾಗ. ವಾರಕ್ಕೆರಡು ಸಲ ಬಂದು ಚರ್ಚಿನ ಬೆಂಚನ್ನೆಲ್ಲ ಒರೆಸ್ತಿದ್ಲು. ಯಾರೂ ಹೇಳಿದ್ದಲ್ಲ, ಸಂಬಳವೂ ಇಲ್ಲ.

"ನೀನು ಆ ಕಡೆ ಹೋಗಮ್ಮ."

"ನಾನ್ಯಾಕೆ ಹೋಗ್ಲಿ? ನನ್ನ ಓಲೆ ಮಾರಿದ ದುಡ್ಡಲ್ಲಿ ಬರೋ ಬಣ್ಣ. ಹೇಗೆ ಬಳೀತೀಯ ಅಂತ ನೋಡ್ಬೇಡ್ವಾ? ಅಗ್ಗದ ಮನೆಗೆ ಬಳಿದ ಹಾಗೆ ಬಳಿದ್ಯೋ, ಏಣಿ ಎಳೆದು ಹಾಕ್ತೀನಿ."

ನಿಜ, ಓಲೆ ಮಾರಿದ್ಲು. ಚರ್ಚಿಗೆ ನೂರು ವರ್ಷ ತುಂಬ್ತಿತ್ತು, ಎಲ್ಲರೂ ಏನಾದ್ರೂ ಕೊಡ್ತಿದ್ರು. ಒಬ್ರು ಪೀಠದ ಮೇಲಿನ ದೀಪ, ಒಬ್ರು ಬಣ್ಣದ ಗಾಜಿನ ಕಿಟಕಿ. ಕೊಟ್ಟವರ ಹೆಸರಿನ ಸಣ್ಣ ಹಿತ್ತಾಳೆ ಪಟ್ಟಿ ಅಲ್ಲೇ ಕೆಳಗೆ ಬೀಳ್ತಿತ್ತು. ಅಮ್ಮ ತೊಲೆಗಳ ಬಣ್ಣಕ್ಕೆ ದುಡ್ಡು ಕೊಟ್ಲು, ಮಗ ಕೂಲಿ ಬೇಡ ಅಂದ. ಇಬ್ಬರದ್ದೂ ಸೇರಿ ಒಂದು ಕಾಣಿಕೆ ಅಂತ ಲೆಕ್ಕ.

ಅವತ್ತು ಮಧ್ಯಾಹ್ನವೇ ಪೇಂಟರ್ ತನ್ನ ಗೆಳೆಯ ಬಡಗಿಯನ್ನ ಕರ್ಕೊಂಡು ಬಂದ. ಬಡಗಿ ಮೇಲೆ ಹತ್ತಿ, ತೊಲೆಗೆ ಬೆರಳಲ್ಲಿ ಕುಟ್ಟಿ, ಕಿವಿ ಕೊಟ್ಟು ಕೇಳಿ, ಆಮೇಲೆ ಅದೇ ಬೆರಳನ್ನ ಮರದೊಳಗೆ ಚುಚ್ಚಿ ತೆಗೆದ.

"ಇದು ತೊಲೆ ಅಲ್ಲ ಮಾರಾಯ, ಇದು ತೊಲೆಯ ಫೋಟೋ. ಬದಲಾಯಿಸ್ಬೇಕು. ಅಲ್ಲೀವರೆಗೆ ಕೆಳಗಿಂದ ಒಂದು ಕಂಬ ಆನಿಸು."

"ಎಷ್ಟು ದಿನ ತಡೆಯುತ್ತೆ?"

"ಮರದ ಜಾತಕ ಬರೆಯೋಕೆ ನನಗೆ ಬರಲ್ಲ. ನಾನಾಗಿದ್ರೆ ಕೆಳಗೆ ನನ್ನ ಅತ್ತೆನೂ ಕೂರಿಸ್ತಿರಲಿಲ್ಲ."

ಇಬ್ಬರೂ ನಕ್ಕರು. ಪೇಂಟರ್ ಸ್ವಲ್ಪ ಕಮ್ಮಿ ನಕ್ಕ.

ಚರ್ಚಿನ ಖಜಾಂಚಿ ಬೇರೆ ಯಾರೂ ಅಲ್ಲ, ಪೇಂಟರ್‌ನ ಸೋದರಮಾವ, ಅಮ್ಮನ ಖಾಸಾ ತಮ್ಮ. ಒಳ್ಳೇ ಮನುಷ್ಯ. ನಿಜವಾಗ್ಲೂ ಒಳ್ಳೆಯವನು, ಅದೇ ತೊಂದರೆ. ಅವನಿಗಿಂತ ಹಿಂದಿದ್ದ ಖಜಾಂಚಿ ಬಡವರ ಹೆಸರಲ್ಲಿ ಬಂದ ಕಾಣಿಕೆಯಲ್ಲಿ ತನ್ನ ಮನೆಗೆ ಕಾಂಪೌಂಡ್ ಕಟ್ಟಿಸಿದ್ದ. ಆ ಗಲಾಟೆ ಆದಮೇಲೆ ಸಭೆ ಸೇರಿ ಒಂದು ನಿಯಮ ಮಾಡಿದ್ರು: ಯಾವುದಕ್ಕೆ ಕೊಟ್ಟಿದ್ದಾರೋ ಅದಕ್ಕೇ ಖರ್ಚು. ಬಾಗಿಲ ಹತ್ರ ಐದು ಡಬ್ಬಿ ಇಟ್ರು. ದೀಪ, ಹೂವು, ಬಣ್ಣ, ಬಡವರು, ರಿಪೇರಿ. ಐದಕ್ಕೂ ಬೇರೆ ಬೇರೆ ಬೀಗ, ಬೀಗದ ಕೈಗೊಂಚಲು ಮಾವನ ಸೊಂಟದಲ್ಲಿ. ಹೂವಿನ ದುಡ್ಡಲ್ಲಿ ಒಂದು ಮೊಳೆನೂ ಕೊಂಡವನಲ್ಲ ಅವನು. ರಿಪೇರಿ ಡಬ್ಬಿ ಮಾತ್ರ ಯಾವಾಗ ಅಲ್ಲಾಡಿಸಿದ್ರೂ ಗಿಲಕಿ ಥರ ಸದ್ದು ಮಾಡ್ತಿತ್ತು. ನೀರಿನ ದೋಣಿಗೆ ದುಡ್ಡು ಕೊಟ್ಟು ಅಲ್ಲಿ ತನ್ನ ಹೆಸರು ಹಾಕಿಸ್ಕೊಳ್ಳೋ ಪುಣ್ಯಾತ್ಮ ಯಾರು ಹೇಳಿ?

"ಮಾವ, ಬಣ್ಣದ ಡಬ್ಬಿ ತುಂಬಿದೆಯಲ್ಲ. ಅದರಲ್ಲಿ..."

"ಅಳಿಯಾ, ಆ ಮಾತು ಆಡ್ಬೇಡ. ಇವತ್ತು ಬಣ್ಣದ್ದು ತೊಲೆಗೆ ಅಂತೀಯ, ನಾಳೆ ಬಡವರದ್ದು ಬಣ್ಣಕ್ಕೆ ಅಂತಾರೆ. ಕಾಂಪೌಂಡ್ ಕಥೆ ಶುರುವಾಗಿದ್ದೂ ಹೀಗೇ."

"ಹಾಗಾದ್ರೆ ಒಂದು ಕಂಬನಾದ್ರೂ ಆನಿಸೋಣ."

"ಬಿಷಪ್ಪರು ಬರೋ ದಿನ? ನಡುವೆ ಒಂದು ಸೌದೆ ಕಂಬ ನಿಲ್ಲಿಸಿ?" ಮಾವ ದನಿ ತಗ್ಗಿಸಿದ. "ಇನ್ನು ಒಂಬತ್ತು ದಿನ. ಈಗ ಪುಟ್ಟಿ ತುಂಬಿ ಸರಿಮಾಡು. ಸಮಾರಂಭ ಮುಗಿದ ಮುಂದಿನ ಭಾನುವಾರವೇ ರಿಪೇರಿ ಡಬ್ಬಿಗೆ ಅಂತ ಫಾದರ್ ಕೈಲಿ ಹೇಳಿಸ್ತೀನಿ. ನನ್ನ ಮೇಲೆ ಆಣೆ. ಅಲ್ಲೀವರೆಗೆ ಬಾಯಿಗೆ ಬೀಗ. ಜನ ಹೆದರಿಬಿಟ್ರೆ ಒಳಗೇ ಕಾಲಿಡಲ್ಲ."

ನೂರು ವರ್ಷ ನಿಂತಿದ್ದು ಇನ್ನು ಒಂಬತ್ತು ದಿನ ನಿಲ್ಲಲ್ವಾ? ಪೇಂಟರ್‌ಗೂ ಹಾಗೇ ಅನ್ನಿಸ್ತು. ಹೋಗಿ ಸೀಮೆಸುಣ್ಣದ ಪುಡಿಗೆ ಎಣ್ಣೆ ಹಾಕಿ ಬಿಳೀ ಪುಟ್ಟಿ ಕಲಸಿದ.

ಇಲ್ಲಿ ಒಂದು ಮಾತು ಹೇಳ್ಬೇಕು. ಅವನು ಕೆಲಸ ಕೆಟ್ಟದಾಗಿ ಮಾಡಿದ್ರೆ ಎಲ್ಲ ಸರಿ ಹೋಗ್ತಿತ್ತು. ಕೈ ಕೇಳ್ಬೇಕಲ್ಲ! ಹುಡಿನೆಲ್ಲ ಕೆರೆದು ತೆಗೆದು, ಮೂರು ಸಲ ಪುಟ್ಟಿ ತುಂಬಿ, ಪ್ರತಿ ಸಲ ಒಣಗಿಸಿ, ಉಪ್ಪುಕಾಗದ ಉಜ್ಜಿ ಉಜ್ಜಿ, ಕಣ್ಣು ಮುಚ್ಚಿ ಸವರಿದ್ರೂ ಮರ ಎಲ್ಲಿ ಮುಗೀತು ಪುಟ್ಟಿ ಎಲ್ಲಿ ಶುರುವಾಯ್ತು ಗೊತ್ತಾಗದ ಹಾಗೆ ಮಾಡಿದ. ಅಷ್ಟಕ್ಕೇ ಬಿಟ್ನಾ? ಮೇಲೆ ಕಂದು ಬಣ್ಣ ಬಳಿದು, ಅದು ಹಸಿ ಇರೋವಾಗ್ಲೇ ಹಳೇ ಬಾಚಣಿಗೆಯಲ್ಲಿ ಎಳೆದು ಮರದ ಗೆರೆ ಮೂಡಿಸಿದ. ಒಂದು ಗಂಟು ಕೂಡ ಬರೆದ. ಮರಕ್ಕಿಂತ ಮರ! ಅವನ ಜೀವನದಲ್ಲೇ ಅಂಥ ಕೆಲಸ ಮಾಡಿರಲಿಲ್ಲ. ಸಾರ್ವೆ ಬಿಚ್ಚೋ ದಿನ ಕೆಳಗೆ ನಿಂತು ನೋಡಿದಾಗ, ದೇವರಾಣೆ, ತಾನೇ ಒಂದು ಕ್ಷಣ ಮರೆತುಬಿಟ್ಟ.

ಬಿಷಪ್ಪರು ಬಂದ್ರು, ಹೋದ್ರು. ಮುಂದಿನ ಭಾನುವಾರ ಮಾವ ಮಾತು ಉಳಿಸ್ಕೊಂಡ. ಉಪದೇಶ ಮುಗಿದಮೇಲೆ ಫಾದರ್ ಕೆಮ್ಮಿ ಗಂಟಲು ಸರಿ ಮಾಡ್ಕೊಂಡ್ರು. ಪಾಪ, ಅವರಿಗೆ ಮಾವ ಹೇಳಿದ್ದೇ ಅರ್ಧ. "ನಮ್ಮ ತೊಲೆಗಳಿಗೂ ವಯಸ್ಸಾಯ್ತು. ರಿಪೇರಿ ಡಬ್ಬಿಯನ್ನ ಸ್ವಲ್ಪ ನೆನಪಿಟ್ಕೊಳ್ಳಿ" ಅಂದ್ರು.

ಇಡೀ ಚರ್ಚು ತಲೆ ಎತ್ತಿ ನೋಡ್ತು.

ಮೇಲೆ ತೊಲೆಗಳು ಮದುಮಕ್ಕಳ ಥರ ಮಿಂಚ್ತಿದ್ವು. ಹಿಂದಿನ ಸಾಲಲ್ಲಿ ಬೇಕರಿಯವನು ಸಣ್ಣಗೆ ಅಂದ, "ಇದಕ್ಕೆ ವಯಸ್ಸಾಗಿದ್ರೆ ನನಗೂ ಇಂಥ ವಯಸ್ಸಾಗ್ಲಿ." ಕಿಸಕ್ಕಂತ ನಗು ಸಾಲಿಂದ ಸಾಲಿಗೆ ಹಬ್ಬಿತು. ಫಾದರ್‌ಗೂ ನಗು ಬಂತು. "ಹೌದೌದು, ನಮ್ಮ ಪೇಂಟರ್ ಕೈಗುಣ! ಎದ್ದು ನಿಂತ್ಕೊಳಪ್ಪ, ಎಲ್ಲರೂ ನೋಡ್ಲಿ."

ಅವನು ಎದ್ದ. ಎದ್ದಾಗ ಹೇಳ್ಬೇಕು ಅಂತಲೇ ಎದ್ದ. ಅದು ಮರ ಅಲ್ಲ, ಪುಟ್ಟಿ. ನಾಲ್ಕೇ ಮಾತು, ನಾಲಿಗೆ ತುದೀಲಿತ್ತು. ಅಷ್ಟರಲ್ಲಿ ಚಪ್ಪಾಳೆ ಶುರುವಾಯ್ತು. ಪಕ್ಕದಲ್ಲಿ ಅಮ್ಮ ಸೆರಗಲ್ಲಿ ಕಣ್ಣು ಒರೆಸ್ಕೊಳ್ತಾ, ಯಾರ್ಯಾರು ನೋಡ್ತಿದ್ದಾರೆ ಅಂತ ತಿರುಗಿ ತಿರುಗಿ ನೋಡ್ತಾ ಕೂತಿದ್ಲು. ಓಲೆ ಇಲ್ಲದ ಅವಳ ಕಿವಿ ಅವನಿಗೆ ಕಂಡಿತು. ಮಾವ ಆಚೆ ಸಾಲಿಂದ ಕಣ್ಣು ಕೆಳಗೆ ಹಾಕಿದ. ಪೇಂಟರ್ ಕೈ ಮುಗಿದ. ಕೂತ್ಕೊಂಡ.

ಅವತ್ತು ರಿಪೇರಿ ಡಬ್ಬಿಗೆ ಬಿದ್ದಿದ್ದು ಮಾಮೂಲಿ ಚಿಲ್ಲರೆ, ಜೊತೆಗೆ ಒಂದು ಅಂಗಿ ಗುಂಡಿ. ಬಣ್ಣದ ಡಬ್ಬಿ ಮಾತ್ರ ತುಂಬಿ ತುಳುಕಿತು. ಜನಕ್ಕೆ ಅಷ್ಟು ಖುಷಿಯಾಗಿತ್ತು.

ಮನೆಗೆ ಬಂದು ಅವನು ಅಮ್ಮನಿಗೆ, "ಇನ್ಮೇಲೆ ಮುಂದಿನ ಸಾಲಲ್ಲಿ ಕೂತ್ಕೋಮ್ಮ, ಉಪದೇಶ ಚೆನ್ನಾಗಿ ಕೇಳ್ಸುತ್ತೆ" ಅಂದ.

"ನನಗೇನು ಕಿವುಡಾ?"

"ಅಲ್ಲ, ಗೋಡೆ ಹತ್ರ ಥಂಡಿ..."

"ಐವತ್ತು ವರ್ಷದಿಂದ ಇಲ್ಲದ ಥಂಡಿ ಈಗ ಬಂತಾ? ನನ್ನ ಮಗ ಬಳಿದ ತೊಲೆ ಕೆಳಗೆ ನಾನು ಕೂರದೆ ಇನ್ಯಾರು ಕೂರ್ಬೇಕೋ?"

ಆಗ್ಲೂ ಹೇಳಬಹುದಿತ್ತು. ಅವಳು ಆ ತೊಲೆ ನೆನೆಸ್ಕೊಂಡು ಊಟಕ್ಕೆ ಕೂತಾಗ್ಲೂ ನಗ್ತಿದ್ಲು. ಹೇಗೆ ಹೇಳೋದು? ಮುಂದಿನ ವಾರ ನಾನೇ ಏಣಿ ಹಾಕಿ ಪುಟ್ಟಿ ಕಿತ್ತು ಎಲ್ಲರಿಗೂ ತೋರಿಸ್ತೀನಿ ಅಂದ್ಕೊಂಡ. ಮುಂದಿನ ವಾರ ಒಂದು ಅಂಗಡಿ ಸಾಲಿನ ಬಾಗಿಲು ಬಳಿಯೋ ಕೆಲಸ ಸಿಕ್ತು. ಆಮೇಲಿನ ವಾರ ಮಳೆ ಹಿಡೀತು. ಅಮ್ಮ ಒಂದು ಸಲ ಬಂದು, "ಮೇಲಿಂದ ಟಪ್ಪಂತ ನನ್ನ ಹೆಗಲ ಮೇಲೆ ಹನಿ ಬಿತ್ತು ಕಣೋ" ಅಂದ್ಲು. ಅವತ್ತು ಅವನು ಮಾವನ ಮನೆಗೆ ಹೋಗಿ ಜಗಳ ಆಡಿದ. ಮಾವ, "ಮಳೆ ನಿಲ್ಲಲಿ, ಸಭೆ ಕರೀತೀನಿ" ಅಂದ. ಸಭೆಗೆ ದಿನವೂ ಗೊತ್ತಾಯ್ತು. ಮುಂದಿನ ಶುಕ್ರವಾರ.

ತೊಲೆ ಬಿದ್ದಿದ್ದು ಬುಧವಾರ, ಬೆಳಿಗ್ಗೆ ಹತ್ತೂವರೆಗೆ.

ಪೇಂಟರ್ ಒಂದು ಅಂಗಡಿ ಷಟರ್‌ಗೆ ನೀಲಿ ಬಣ್ಣ ಬಳೀತಿದ್ದ. ಬಡಗಿ ಓಡಿ ಬಂದ. ಬರಿಗಾಲಲ್ಲಿ ಓಡಿ ಬಂದಿದ್ದ. ಪೇಂಟರ್ ಕೈಯಿಂದ ಬ್ರಷ್ ಕಿತ್ಕೊಂಡು ಕೆಳಗೆ ಇಟ್ಟ. ಆಗ್ಲೇ ಗೊತ್ತಾಗಿ ಹೋಯ್ತು.

ಚರ್ಚಿನೊಳಗೆ ಆಕಾಶ ಕಾಣ್ತಿತ್ತು. ಹೆಂಚು, ಕೆಸರು, ಕಪ್ಪು ಎಲೆ. ಮೂರನೇ ಸಾಲಿನ ಬೆಂಚು ನಡುವೆ ಮುರಿದು ಅಡ್ಡ ಬಿದ್ದಿತ್ತು. ನಾಲ್ಕು ಜನ ತೊಲೆ ಎತ್ತಿ ಹಿಡಿದಿದ್ರು, ಇಬ್ಬರು ಅಮ್ಮನ್ನ ಎಳೀತಿದ್ರು. ಅವಳ ಕೂದಲೆಲ್ಲ ಬೆಳ್ಳಗೆ, ಮುಖ ಬೆಳ್ಳಗೆ. ಸುಣ್ಣ ಅಂದ್ಕೊಂಡಿದ್ರು ಎಲ್ಲರೂ. ಅದು ಪುಟ್ಟಿ ಹುಡಿ ಅಂತ ಅಲ್ಲಿ ಗೊತ್ತಿದ್ದವನು ಅವನೊಬ್ಬನೇ. ಬೆಂಚು ಒರೆಸೋ ಬಟ್ಟೆ ಇನ್ನೂ ಕೈಯಲ್ಲೇ ಇತ್ತು.

ತೊಲೆಯ ತುದಿ ಅವನ ಕಾಲ ಹತ್ರ ಬಿದ್ದಿತ್ತು. ಒಳಗೆ ಪೊಳ್ಳು. ಮೇಲಿನ ಗೆರೆ ಮಾತ್ರ ಒಂದೂ ಕೆಟ್ಟಿರಲಿಲ್ಲ. ಬರೆದ ಗಂಟು ಹಾಗೇ ಇತ್ತು.

ಆಸ್ಪತ್ರೇಲಿ ಅವಳು ನಾಲ್ಕು ದಿನ ಇದ್ಲು. ಸೊಂಟದ ಕೆಳಗೆ ಸ್ವಾಧೀನ ಇಲ್ಲ ಅಂದ್ಬಿಟ್ಟಿದ್ರು ಡಾಕ್ಟ್ರು. ಮೂರನೇ ದಿನ ಎಚ್ಚರ ಚೆನ್ನಾಗಿತ್ತು. ಬಾಗಿಲ ಹತ್ರ ನಿಂತಿದ್ದ ಮಾವನ ಕಡೆ ನೋಡಿದ್ಲು, ಆಮೇಲೆ ಮಗನ ಕಡೆ.

"ಹೊಸ ಬಣ್ಣ ಬಳಿದ ತೊಲೆ ಹೇಗೋ ಬಿತ್ತು?"

ಮಾವ ಬಾಯಿ ತೆಗೆದ. "ಅಕ್ಕಾ, ಮಳೆ ಜಾಸ್ತಿ..."

"ನೀನು ಸುಮ್ನಿರೋ. ಇವನನ್ನ ಕೇಳ್ತಿದ್ದೀನಿ."

"ಒಳಗೆ ಹುಳುಕಾಗಿತ್ತಮ್ಮ" ಅಂದ ಪೇಂಟರ್. "ಪುಟ್ಟಿ ಮೆತ್ತಿದ್ದೆ."

"ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಮೇಲೆ ನೋಡಿದ್ಲು. ಆಸ್ಪತ್ರೆಯ ಬಿಳೀ ತಾರಸಿ. ಅಲ್ಲೂ ಒಂದು ಕಡೆ ಬಣ್ಣ ಎದ್ದಿತ್ತು.

"ನನಗಾದ್ರೂ ಹೇಳ್ಬಾರದಿತ್ತೇನೋ" ಅಂದ್ಲು. "ನನ್ನ ಓಲೆ ದುಡ್ಡನ್ನ ಆ ರಿಪೇರಿ ಡಬ್ಬಿಗೇ ಹಾಕಿಸ್ತಿದ್ದೆ. ನನಗೇನು, ಯಾವ ಡಬ್ಬಿ ಆದ್ರೇನು."

ಅಷ್ಟೇ. ಬೈಲಿಲ್ಲ. ಬೈದಿದ್ರೆ ಅದನ್ನೇ ಹಿಡ್ಕೊಂಡು ಬದುಕಬಹುದಿತ್ತು. ಮಾರನೇ ದಿನ ಮಧ್ಯಾಹ್ನ ಅವಳು ಹೋದ್ಲು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ಹಾಗೇ, ಮಣ್ಣು ಮಾಡಿದ ಮುಂದಿನ ಭಾನುವಾರ ಶಾಲೆ ಹಾಲ್‌ನಲ್ಲಿ ಪ್ರಾರ್ಥನೆ ನಡೀತು, ರಿಪೇರಿ ಡಬ್ಬಿ ಒಂದೇ ದಿನಕ್ಕೆ ತುಂಬಿ ಹೋಯ್ತು. ಡಬ್ಬಿ ಸಾಲದೆ ಬಕೆಟ್ ಇಟ್ರು. ಬೇಕರಿಯವನು ಉಂಗುರ ಬಿಚ್ಚಿ ಹಾಕಿ, ಮೂಲೇಲಿ ನಿಂತು ಮುಖ ಮುಚ್ಕೊಂಡು ಅತ್ತ. ನೀರಿನ ದೋಣಿ ಹೊಸದಾಯ್ತು. ಮರ ಬೇಡವೇ ಬೇಡ ಅಂತ ಕಬ್ಬಿಣದ ತೊಲೆ ಬಂತು. ಮೂರನೇ ಸಾಲಿಗೆ ಹೊಸ ಬೆಂಚು, ಅದರ ತುದೀಲಿ ಅಮ್ಮನ ಹೆಸರಿನ ಹಿತ್ತಾಳೆ ಪಟ್ಟಿ.

ಮಾವ ಒಂದು ಸಂಜೆ ಪೇಂಟರ್ ಮನೆಗೆ ಬಂದ. ಹೊಸಿಲಲ್ಲೇ ನಿಂತ. ನಾಲ್ಕು ತಿಂಗಳಲ್ಲಿ ಹತ್ತು ವರ್ಷ ಮುದುಕನಾಗಿದ್ದ. ಸೊಂಟದಲ್ಲಿ ಕೈಗೊಂಚಲು ಇರಲಿಲ್ಲ, ಬಿಟ್ಕೊಟ್ಟಿದ್ದ.

"ಅಳಿಯಾ, ಕಬ್ಬಿಣಕ್ಕೆ ಬಣ್ಣ ಬಳೀಬೇಕಂತೆ. ನಿನ್ನನ್ನೇ ಕೇಳಿ ಅಂತ ಸಮಿತಿಯವರು... ಬೇಡ ಅಂದ್ರೆ ಬೇರೆಯವರಿಗೆ ಹೇಳ್ತೀವಿ." ಆಮೇಲೆ, "ಬಣ್ಣದ ಡಬ್ಬೀಲಿ ದುಡ್ಡು ಹಾಗೇ ಇದೆ" ಅಂದ. ಅಂದವನೇ ಆ ಮಾತು ತನ್ನ ಕಿವಿಗೇ ಬಿದ್ದು ಗೋಡೆ ಹಿಡ್ಕೊಂಡ.

"ಬರ್ತೀನಿ ಮಾವ" ಅಂದ ಪೇಂಟರ್. "ಈ ಸಲ ಕೂಲಿ ತಗೋತೀನಿ."

ಎರಡು ದಿನದ ಕೆಲಸ. ಕೆಂಪು ಪ್ರೈಮರ್, ಮೇಲೆ ಕಂದು. ಗೆರೆ ಇಲ್ಲ, ಗಂಟು ಇಲ್ಲ, ಬಾಚಣಿಗೆ ತಂದೇ ಇರಲಿಲ್ಲ. ಎರಡು ಸಲವೂ ಗೋಡೆಯಿಂದ ಒಂದು ಮಾರು ದೂರಕ್ಕೆ ಬಂದು ಬ್ರಷ್ ಎತ್ತಿ ಇಟ್ಬಿಟ್ಟ. ಆ ಒಂದು ಮಾರು ಬರೀ ಕಬ್ಬಿಣ, ಬೂದಿ ಬಣ್ಣ, ಮೂರನೇ ಸಾಲಿನ ತುದಿಗೆ ನೇರ ಮೇಲೆ.

ಕೆಳಗೆ ಏಣಿ ಹಿಡಿದಿದ್ದ ಮಾವ ಕೂಗಿದ, "ಅಲ್ಲಿ ಬಿಟ್ಟಿದ್ದೀಯ. ತುಕ್ಕು ಹಿಡಿಯುತ್ತೆ."

"ಹಿಡೀಲಿ. ಹಿಡಿದ್ರೆ ಕಾಣುತ್ತೆ."

ಮಾವ ಏಣಿಯನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದ. ಪೇಂಟರ್ ಇಳಿದು ಬಂದ, ಬಾಗಿಲ ಹತ್ರ ಕೂಲಿ ಇಸ್ಕೊಂಡ, ಮಡಿಚಿ ಐದನೇ ಡಬ್ಬಿಗೆ, ಅದೇ ರಿಪೇರಿ ಡಬ್ಬಿಗೆ, ತುರುಕಿದ. ಡಬ್ಬಿ ಆಗ್ಲೇ ಮತ್ತೆ ಖಾಲಿಯಾಗಿತ್ತು. ನೋಟು ತಳಕ್ಕೆ ಬಿದ್ದಿದ್ದು ಕೇಳಿಸಲೇ ಇಲ್ಲ.