ಮೊದಲ ಸಾಲು ನುಂಗುವ ಪ್ರಿಂಟರ್

ಅಡುಗೆಮನೆಯ ಮೇಜಿನ ಮೇಲೆ ಕೂತಿದ್ದ ಬ್ರೈಲ್ ಪ್ರಿಂಟರ್ ಆನೆಯಷ್ಟು ಭಾರ, ಕತ್ತೆಯಷ್ಟು ಮೊಂಡು. ಅದನ್ನು ಅಂಧರ ಶಾಲೆಯಿಂದ ಹೊರಿಸಿಕೊಂಡು ಬಂದವಳು ಮನೆಯ ಸೊಸೆಯ ನಾದಿನಿ. ಅಲ್ಲಿನ ಟೀಚರು ಅವಳು, ಅವಳಿಗೂ ಕಣ್ಣು ಕಾಣದು. ಶಾಲೆಯ ಕಂಪ್ಯೂಟರಿಗೆ ಹೊಸ ಕರ್ನಲ್, ಅಂದರೆ ಅದನ್ನು ನಡೆಸುವ ಮೂಲ ತಂತ್ರಾಂಶ, ಹಾಕಿದಂದಿನಿಂದ ಈ ಯಂತ್ರ ಪ್ರತಿ ಹಾಳೆಯ ಮೊದಲ ಸಾಲನ್ನು ನುಂಗಿ ನೀರು ಕುಡಿಯುತ್ತಿತ್ತು. ಬೆಳಗಾದರೆ ಪರೀಕ್ಷೆ. ಮೊದಲ ಪ್ರಶ್ನೆಯೇ ಇಲ್ಲದಿದ್ದರೆ ಮಕ್ಕಳು ಬರೆಯುವುದೇನನ್ನು?

ಸೊಸೆಯ ಕಸುಬೇ ಡ್ರೈವರ್ ರಿಪೇರಿ. ಕಂಪ್ಯೂಟರಿನ ಮಾತನ್ನು ಯಂತ್ರಕ್ಕೆ ಮುಟ್ಟಿಸುವ, ಕರ್ನಲ್ ಹೊಟ್ಟೆಯೊಳಗಿನ ಬರಹವೇ ಡ್ರೈವರ್. ಬೆಳಗಿನಿಂದ ಅದನ್ನು ಸಾವಿರ ಸಲ ಓದಿದ್ದಳು, ಹುಳುಕು ಸಿಕ್ಕಿರಲಿಲ್ಲ. ಮಧ್ಯಾಹ್ನ ಬೇಸತ್ತು ಹಳೆಯ ಬದಲಾವಣೆಗಳ ಪಟ್ಟಿ ತೆಗೆದಳು. ಮೂರು ವರ್ಷದ ಹಿಂದೆ ಯಾರೋ ಒಂದು ಸಾಲು ಕಿತ್ತು ಹಾಕಿದ್ದರು. ಪ್ರಿಂಟರನ್ನು ಎಬ್ಬಿಸಿದ ಮೇಲೆ ಅರೆಗಳಿಗೆ ಕಾಯಬೇಕೆನ್ನುವ ಸಾಲು. ‘ಬೇಡದ ಕಾಯುವಿಕೆ, ಗುಡಿಸಿದ್ದೇನೆ’ ಎಂಬ ಷರಾ ಬೇರೆ. ಕೆಳಗಿನ ಹೆಸರನ್ನು ಅವಳು ಎರಡೆರಡು ಸಲ ಓದಿದಳು.

ಅವಳದೇ ಹೆಸರು. ಕರ್ನಲ್ಲಿಗೆ ಸೇರಿದ ಅವಳ ಮೊಟ್ಟಮೊದಲ ಕೆಲಸ.

ಅಂದು ಅವಳು ಪರೀಕ್ಷಿಸಿದ್ದು ಹೊಸ ಪ್ರಿಂಟರಿನ ಮೇಲೆ. ಅದು ಕರೆದೊಡನೆ ಓಗೊಡುತ್ತಿತ್ತು. ಈ ಹಳತು ಹಾಳೆಗೊಂದು ತೂಕಡಿಕೆ ಹಾಕುವ ಗಿರಾಕಿ.

ವಿಷಯ ಕೇಳಿದ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ನನ್ನನ್ನೂ ಎಬ್ಬಿಸಿದ ತಕ್ಷಣ ಏನಾದ್ರೂ ಹೇಳಿ ನೋಡು, ಮೊದಲನೇ ಮಾತು ಕಿವಿಗೇ ಬೀಳಲ್ಲ. ವಯಸ್ಸಾದೋರಿಗೆ ಅವಸರ ಮಾಡಬಾರದಮ್ಮ.”

ಸೊಸೆ ಆ ಸಾಲನ್ನು ಮತ್ತೆ ಸೇರಿಸಿ ಪ್ರಿಂಟರ್ ಓಡಿಸಿದಳು. ನಾದಿನಿ ಹಾಳೆಗಳನ್ನು ಕಸಿದುಕೊಂಡು ಬೆರಳಾಡಿಸಿದಳು.

“ಅತ್ತಿಗೆ, ಒಂದನೇ ಪ್ರಶ್ನೆ ಬಂದಿದೆ. ಎರಡನೇ ಹಾಳೇಲೂ ಪೂರ್ತಿ ಇದೆ.”

ಇನ್ನೊಂದು ಕೆಲಸ ಉಳಿದಿತ್ತು. ಕರ್ನಲ್ಲಿನ ಉಸ್ತುವಾರಿಗೆ ತಿದ್ದುಪಡಿ ಕಳಿಸುವವರು ಯಾವ ಬದಲಾವಣೆಯಿಂದ ಕೆಟ್ಟಿತೆಂದೂ ಬರೆಯುವುದು ಆ ಕಸುಬಿನ ರೂಢಿ. ಅದು ಸೇರುವುದು ಜಗತ್ತೆಲ್ಲ ಓದುವ ಪಟ್ಟಿಗೆ. ಬಿಟ್ಟು ಕಳಿಸಿದರೆ ಯಾರಿಗೆ ಗೊತ್ತಾಗುತ್ತೆ ಎಂದು ನಾದಿನಿ ಕೆಣಕಿದಳು. ಸೊಸೆ ತುಟಿ ಕಚ್ಚಿ, ಕೆಡಿಸಿದವಳೂ ನಾನೇ ಎಂದು ಬರೆದು ಕಳಿಸಿದಳು.

ಗಂಟೆಯೊಳಗೆ ಉಸ್ತುವಾರಿಯವರ ಉತ್ತರ ಬಂತು. ಹೊಗಳಿದರೆ ಹಲ್ಲು ಉದುರುತ್ತದೆಂದು ನಂಬಿದ್ದ ಮನುಷ್ಯ ಅವರು. ತಿದ್ದುಪಡಿ ಒಪ್ಪಿದ್ದೇನೆ, ಈ ತೊಂದರೆಗೆ ಹನ್ನೊಂದು ಶಾಲೆಗಳು ದೂರು ಕೊಟ್ಟಿದ್ದವು, ನೀವು ಗೆದ್ದಿರಿ ಎಂದು ಬರೆದಿದ್ದರು.

ಸಂಜೆಯವರೆಗೆ ಪ್ರಿಂಟರ್ ಟಕಟಕ ಕುಟ್ಟಿತು. ಪಕ್ಕದ ಮನೆಯವರು ಸದ್ದು ತಾಳಲಾರದೆ ಗೋಡೆ ಬಡಿದರು. ಅತ್ತೆ ಸೌಟು ಹಿಡಿದು ಈ ಕಡೆಯಿಂದ ಇಮ್ಮಡಿ ಬಡಿದರು.