ಹರಳಿನ ಚರ್ಮ

ಒಲೆಮಾವನ ಹರಳು ಕೈಕೊಟ್ಟಿತು ಎಂದು ಪ್ರಯೋಗಾಲಯದಲ್ಲಿ ಎಲ್ಲರೂ ಆಡಿಕೊಳ್ಳತೊಡಗಿದಾಗ, ಆ ಹರಳಿನ ಮೇಲೇ ಪ್ರಬಂಧ ಬರೆಯುತ್ತಿದ್ದ ಹುಡುಗಿಗೆ ಊಟ ಸೇರದಾಯಿತು. ಹರಳು ಬೆಳೆಸುವ ಕುಲುಮೆಯನ್ನು ತಲೆ ನರೆಯುವವರೆಗೂ ಕಾಯ್ದುಕೊಂಡು ಬಂದ ಆ ಹಿರಿಯರನ್ನು, ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಒಬ್ಬರನ್ನು ಬಿಟ್ಟು, ಉಳಿದವರೆಲ್ಲ ಒಲೆಮಾವ ಎಂದೇ ಕರೆಯುತ್ತಿದ್ದರು. ಈ ಹರಳೂ ಸೋತರೆ ಕುಲುಮೆ ಆರಿಸಿಬಿಡುವುದು, ಹರಳನ್ನು ಹೊರಗಿನಿಂದ ತರಿಸುವುದು ಎಂದು ಮೇಡಂ ಹೇಳಿಯಾಗಿತ್ತು.

ಹರಳಿನೊಳಗಿನ ಎಲೆಕ್ಟ್ರಾನುಗಳ ಸ್ಪಿನ್ನನ್ನು, ಅಂದರೆ ಅವುಗಳ ಪುಟ್ಟ ಅಯಸ್ಕಾಂತದಂಥ ಗುಣವನ್ನು, ಮೈಕ್ರೋವೇವಿನಿಂದ ತಟ್ಟಿ ಒಂದು ತಾಳಕ್ಕೆ ತಂದರೆ, ಅವು ಒಂದಿಷ್ಟು ಹೊತ್ತಾದರೂ ಅದನ್ನು ಹಿಡಿದಿರಬೇಕು. ಇಲ್ಲಿ ಹಿಡಿಯುತ್ತಲೇ ಬಿಡುತ್ತಿದ್ದವು. ಸುತ್ತ ಗದ್ದಲವಿದ್ದರೆ ಹಾಗಾಗುತ್ತದೆ: ಬಿಸಿಯ ನಡುಕವೋ, ಬೆರಕೆ ಪರಮಾಣುವೋ, ನೆರೆಯ ಪರಮಾಣು ಬೀಜಗಳ ಸಣ್ಣ ಅಯಸ್ಕಾಂತದ ಸೆಳೆತವೋ. ಬೆರಕೆಯೇ ಇರಬೇಕು, ಅಂದರೆ ಕುಲುಮೆಯದೇ ತಪ್ಪು ಎಂದರು ಮೇಡಂ. ಮಾವ ಎದುರಾಡಲಿಲ್ಲ. ವಯಸ್ಸಾದ ಮೇಲೆ ಒಲೆಯ ಕಣ್ಣೂ ಮಂಜಾಗುತ್ತದೆ ಎಂದು ನಕ್ಕು, ಕೈಚೀಲ ಎತ್ತಿಕೊಂಡು ಮನೆಗೆ ಹೊರಟರು.

ಆ ನಗು ಹುಡುಗಿಗೆ ಚುಚ್ಚಿತು. ಮರುದಿನ ಬಂದವಳೇ ಸ್ಪಿನ್ ಅಳೆಯುವ ಲೇಸರನ್ನು ಹರಳಿನ ಮೇಲ್ಮೈಯಿಂದ ಸ್ವಲ್ಪ ಸ್ವಲ್ಪವೇ ಒಳಗಿಳಿಸುತ್ತ ಅಳೆದಳು. ಮೇಲಿನ ಸ್ಪಿನ್ನುಗಳು ಎಂದಿನಂತೆ ತಾಳ ತಪ್ಪಿದವು. ಆಳದವು ಯಾರೂ ಎಣಿಸಿರದಷ್ಟು ಹೊತ್ತು ಹಿಡಿದವು. ಬೆರಕೆಯಿದ್ದಿದ್ದರೆ ಒಳಗೂ ಕೆಡಬೇಕಿತ್ತು. ಹಾಗಾದರೆ ಗದ್ದಲವಿರುವುದು ಚರ್ಮದಲ್ಲಿ. ಆ ಚರ್ಮ ಮುಟ್ಟಿದವರು ಯಾರು? ಮಾವನ ಹರಳು ಕನ್ನಡಿಯಂತಿರಲಿ ಎಂಬ ಅಕ್ಕರೆಗೆ, ಪಾಲಿಶ್ ಚಕ್ರಕ್ಕೆ ಅದನ್ನು ಒತ್ತಿ ಒತ್ತಿ ಹಿಡಿದವಳು ಅವಳೇ. ಹೊಳಪಿನ ಕೆಳಗೆ ಪರಮಾಣುಗಳ ಕೊಂಡಿ ಮುರಿದು, ಜೊತೆಗಾರರಿಲ್ಲದ ಎಲೆಕ್ಟ್ರಾನುಗಳು ಉಳಿದು ಗಲಾಟೆ ಎಬ್ಬಿಸಿದ್ದವು.

ಮಾವನನ್ನೂ ಕರೆದುಕೊಂಡು ಹೋಗಿ ಮೇಡಂ ಮುಂದೆ ಎಲ್ಲ ಹೇಳಿದಳು. ಮೇಡಂ ಪರದೆಯ ಗೆರೆಗಳನ್ನು ಒಂದೊಂದಾಗಿ ನೋಡಿ, ಅವಳ ಅಳತೆಗಳನ್ನೆಲ್ಲ ಮೊದಲಿಂದ ಮಾಡಬೇಕಾಗುತ್ತದೆ, ಪ್ರಬಂಧ ತಡವಾಗುತ್ತದೆ ಎಂದರು.

"ಕುಲುಮೆ, ಮೇಡಂ?"

"ಅದು ಉರೀಲಿ ಬಿಡು."

ಮಾವ ಹೊರಗೆ ಬಂದು ಗೋಡೆಗೆ ಒರಗಿ ನಿಂತರು. "ಬೆರಕೆ ಅಂತ್ಲೇ ಬರೆದುಬಿಟ್ಟಿದ್ರೆ ನಿನ್ ಪ್ರಬಂಧ ಮುಗೀತಿತ್ತಲ್ಲೇ, ಪೆದ್ದಿ."

"ನಿಮ್ಮ ಒಲೆ ಆರ್ತಿತ್ತಲ್ಲ ಮಾವ."

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಕೈ ಚಾಚಿದರು.

"ಕೊಡಿಲ್ಲಿ ಹರಳು. ಆ್ಯಸಿಡ್‌ನಲ್ಲಿ ಮೆತ್ತಗೆ ಸಿಪ್ಪೆ ತೆಗೆಯೋಣ. ಹೊಳೀದಿದ್ರೂ ಪರವಾಗಿಲ್ಲ."